ತೊಟ್ಟು ಉಳಿಯುವ ಮಾತು

(ಕಾರಟಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಎಂಬ ಶಬ್ದವು ಈ ಸೀಮೆಗೆ ಹೊಸದಲ್ಲ. ಕ್ರಿ.ಶ. 1112ರಲ್ಲಿ ಇಟಗಿಯ ಮಹಾದೇವಾಲಯವನ್ನು ಎತ್ತಿಸಿದ ಮಹಾದೇವ ದಂಡನಾಯಕನ ಕಾಲಕ್ಕೂ ಹಿಂದಿನಿಂದ, ದೇವರ ನಂದಾದೀವಿಗೆಗೆಂದು, ಕೆರೆಯ ಏರಿಗೆಂದು, ಮಠದಲ್ಲಿ ಓದುವ ವಟುಗಳ ಅಶನವಸನಗಳಿಗೆಂದು ಭೂಮಿಯನ್ನು ಧಾರೆಯೆರೆದು ಕಲ್ಲಿನ ಮೇಲೆ ಬರೆಯಿಸಿಟ್ಟವರು ನಮ್ಮ ನಾಡಿನಲ್ಲಿ ಅಸಂಖ್ಯರು. ಆದರೆ ಹೆಂಗಸರು ಸೆರಗಿನ ಮರೆಯಲ್ಲಿ ಬಚ್ಚಿಟ್ಟುಕೊಳ್ಳುವ ಒಂದು ವ್ಯಾಧಿಯನ್ನು ಕುರಿತು, ಭತ್ತದ ವ್ಯಾಪಾರಿಗಳೂ ಅಕ್ಕಿ ಗಿರಣಿಯ ಹಮಾಲರೂ ನಾಟಿಯ ಗದ್ದೆಯಿಂದ ಈಗತಾನೆ ಮರಳಿದ ಹೆಣ್ಣುಮಕ್ಕಳೂ ಒಂದೇ ಛಾವಣಿಯ ಕೆಳಗೆ ಕುಳಿತು ಕೇಳುವಂತೆ ಯಾರಾದರೊಬ್ಬರು ಮಾತನಾಡಲಿ ಎಂದು ಹಣವನ್ನಿಟ್ಟ ದತ್ತಿಯನ್ನು ನಾನು ಕಂಡದ್ದು ಇದೇ ಮೊದಲು. ದತ್ತಿಯನ್ನಿರಿಸಿದವರ ತಾಯಿಯು ತನ್ನ ಎದೆಯ ಗಂಟನ್ನು ಎರಡು ಸುಗ್ಗಿಗಳವರೆಗೆ ಯಾರಿಗೂ ತೋರಿಸದೆ ಇದ್ದು, ತೋರಿಸುವ ಹೊತ್ತಿಗೆ ಕಾಲವು ಮಿಂಚಿಹೋಗಿದ್ದಿತು. ಉಪನ್ಯಾಸಕ್ಕೆ ಕರೆಯಲು ಬಂದ ಮಗನು ನನ್ನೆದುರು ಕುಳಿತು ಒಂದೇ ನಿಬಂಧನೆಯನ್ನು ಮುಂದಿಟ್ಟನು: "ಅವ್ವನ ಹೆಸರು ಹೇಳಬ್ಯಾಡ್ರಿ ಸರ್, ಆದ್ರ ಆಕಿ ಹೇಳದಽ ಹೋದ ಮಾತು ಹೇಳ್ರಿ." ಆ ನಿಬಂಧನೆಗೆ ಬದ್ಧನಾಗಿ ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಶಬ್ದದ ಸಂಕೋಚವನ್ನು ಕಳೆದುಕೊಳ್ಳೋಣ. ಸಂಸ್ಕೃತ ವೈದ್ಯಗ್ರಂಥಗಳು ಚೂಚುಕವೆಂದೂ ಸ್ತನಾಗ್ರವೆಂದೂ ಕರೆಯುವುದನ್ನು ನಮ್ಮ ಜನರು ಮೊಲೆತೊಟ್ಟು ಎನ್ನುತ್ತಾರೆ. ಈ ತೊಟ್ಟು ಎಂಬ ಪದವನ್ನು ನಾನು ವಿಚಾರಿಸಿದಷ್ಟೂ ಅದರ ಸೊಗಸು ಹೆಚ್ಚುತ್ತಲೇ ಬಂದಿದೆ. ಕಾಯಿಯು ಗಿಡಕ್ಕೆ ಕಚ್ಚಿಕೊಂಡಿರುವ ಎಡೆಯು ತೊಟ್ಟು, ಮಡಿಸುವ ಮುನ್ನ ನಾವು ಚಿವುಟಿ ತೆಗೆಯುವ ವೀಳ್ಯದೆಲೆಯ ಬುಡವು ತೊಟ್ಟು, ಹಸುಗೂಸಿನ ತುಟಿಯ ಮೇಲೆ ಬೀಳುವ ಹಾಲಿನ ಹನಿಯೂ ತೊಟ್ಟೇ. ಇಂದಿನ ನನ್ನ ವಿಷಯವು ಈ ತೊಟ್ಟಿಗೆ ಸಂಬಂಧಿಸಿದ್ದು: ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ನಿಮಿತ್ತವಾಗಿ ಸ್ತನವನ್ನು ತೆಗೆಯಲೇಬೇಕಾದ ಪ್ರಸಂಗ ಬಂದಾಗ, ಮೇಲಿನ ಚರ್ಮವನ್ನೂ ತೊಟ್ಟನ್ನೂ ಉಳಿಸಿಕೊಂಡು ಒಳಗಿನ ಗ್ರಂಥಿಯನ್ನು ಮಾತ್ರ ತೆಗೆದು, ಬರಿದಾದ ಆ ಸ್ಥಳವನ್ನು ಮತ್ತೆ ತುಂಬುವುದು ಸಾಧ್ಯವೇ, ಸಾಧ್ಯವಾದರೆ ಯಾರಿಗೆ, ಯಾವಾಗ, ಯಾವ ಬೆಲೆಗೆ ಎಂಬುದು. ಇದನ್ನು ನಾನು ನಾಲ್ಕು ಸಲ ವಿವರಿಸಿದ ಮೇಲೆ ಒಬ್ಬ ಮುದುಕಿಯು ನಕ್ಕು, "ಹಂಗಂದ್ರ ಎಣ್ಣಿಗಾಯಿಗೆ ಬದನಿಕಾಯಿ ತೊಟ್ಟ ಉಳಿಸಿ ತುಂಬಿದಂಗ ಅನ್ರಿ ಡಾಕ್ಟ್ರ" ಎಂದಳು. ನಾನು ಆ ಕ್ಷಣಕ್ಕೆ ಮುಜುಗರಗೊಂಡೆನಾದರೂ, ಅದಕ್ಕಿಂತ ಶುದ್ಧವಾದ ವ್ಯಾಖ್ಯಾನವನ್ನು ಇಂದಿಗೂ ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ.

ಈ ಮಾರ್ಗವು ತೆರೆದುಕೊಳ್ಳಲು ನೂರು ವರ್ಷಗಳೇ ಹಿಡಿದುವು. 1894ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ತನ್ನ ಐವತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಸ್ತನವನ್ನೂ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆದುಹಾಕುವುದೇ ಸರಿಯಾದ ಚಿಕಿತ್ಸೆಯೆಂದು ಸಾರಿದನು. ರೋಗವು ಬೇರಿನಂತೆ ಸುತ್ತಲೂ ಹರಡುವುದೆಂದು ನಂಬಿದ ಕಾಲಕ್ಕೆ ಆ ವಾದವು ಸಹಜವಾದದ್ದೇ. ಆದರೆ ಅದು ವಾದವಾಗಿ ಉಳಿಯದೆ ಶಾಸನವಾಗಿ, ಮುಕ್ಕಾಲು ಶತಮಾನದವರೆಗೆ ಎಷ್ಟೋ ಲಕ್ಷ ಹೆಂಗಸರು ಪಕ್ಕೆಲುಬು ಎಣಿಸಬಹುದಾದಂತಹ ಎದೆಯನ್ನೂ ಬಾತುಕೊಂಡ ತೋಳನ್ನೂ ಹೊತ್ತು ಬಾಳಿದರು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರನೂ ಇಟಲಿಯ ಮಿಲಾನಿನಲ್ಲಿ ಉಂಬರ್ತೊ ವೆರೊನೇಸಿಯೂ 1970ರ ದಶಕದಲ್ಲಿ ಕೈಗೊಂಡ ಪರೀಕ್ಷೆಗಳು, ಸಣ್ಣ ಗಂಟುಗಳಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣವನ್ನು ಕೊಟ್ಟರೂ ಆಯುಸ್ಸು ಕಡಮೆಯಾಗದೆಂಬುದನ್ನು ತೋರಿಸಿಕೊಟ್ಟುವು. ಆದ್ದರಿಂದ ನಾನು ಹೇಳಬೇಕಾದ ಮೊದಲ ಮಾತೆಂದರೆ, ಸ್ತನದಲ್ಲಿ ಕ್ಯಾನ್ಸರ್ ಎಂದೊಡನೆ ಸ್ತನವನ್ನೇ ತೆಗೆಯಬೇಕೆಂಬ ನಿಯಮವಿಲ್ಲ. ಬೇಗ ಬಂದವರಲ್ಲಿ ಅನೇಕರಿಗೆ ಈ ಇಡೀ ಉಪನ್ಯಾಸವೇ ಅನವಶ್ಯಕ.

ತೊಟ್ಟಿನ ಕಥೆಯು ಇನ್ನೂ ವಕ್ರವಾದುದು. ಹದಿನೈದಿಪ್ಪತ್ತು ಕ್ಷೀರನಾಳಗಳು ಬಂದು ಬಾಯ್ತೆರೆಯುವ ಸ್ಥಾನವು ಅದಾದುದರಿಂದ, ನಾಳಗಳಲ್ಲಿ ಹುಟ್ಟುವ ರೋಗವು ಅಲ್ಲಿ ಅಡಗಿರಬಹುದೆಂಬ ಶಂಕೆಯು ವೈದ್ಯರಿಗೆ ಸಹಜವಾಗಿಯೇ ಇದ್ದಿತು. 1960ರ ದಶಕದಲ್ಲಿ ತೊಟ್ಟುಳಿಸುವ ಒಂದು ಕ್ರಮವು ರೂಢಿಗೆ ಬಂದಿತಾದರೂ ಅದರಲ್ಲಿ ಗ್ರಂಥಿಯ ಭಾಗವು ಬಹಳವಾಗಿ ಒಳಗೇ ಉಳಿಯುತ್ತಿದ್ದುದರಿಂದ ಅದು ಅಪಖ್ಯಾತಿಗೆ ಗುರಿಯಾಯಿತು. ಚರ್ಮವನ್ನು ಉಳಿಸಿ ತೊಟ್ಟನ್ನು ತೆಗೆಯುವ ಕ್ರಮವನ್ನು 1991ರಲ್ಲಿ ವಿವರಿಸಿದ ತರುವಾಯ, ಹಾಗಾದರೆ ತೊಟ್ಟು ಮಾಡಿದ ಅಪರಾಧವೇನು ಎಂಬ ಪ್ರಶ್ನೆಯು ಮತ್ತೆ ತಲೆಯೆತ್ತಿತು. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲಿನ್ ಹಾರ್ಟ್‌ಮನ್ ಮತ್ತು ಸಂಗಡಿಗರು, ಮನೆತನದಲ್ಲಿ ಈ ರೋಗವಿದ್ದು ರೋಗ ಬರುವ ಮೊದಲೇ ಎರಡೂ ಸ್ತನಗಳನ್ನು ತೆಗೆಸಿಕೊಂಡ 639 ಮಹಿಳೆಯರನ್ನು ಪರಿಶೀಲಿಸಿ, ರೋಗದ ಅಪಾಯವು ಸುಮಾರು ಶೇಕಡಾ 90ರಷ್ಟು ತಗ್ಗಿದುದನ್ನು ಕಂಡರು. ಅವರಲ್ಲಿ ಬಹುಪಾಲು ಮಂದಿಯ ತೊಟ್ಟು ಉಳಿದೇ ಇದ್ದಿತು. 2013ರಲ್ಲಿ ಆಂಜೆಲಿನಾ ಜೋಲಿ ಎಂಬ ಚಿತ್ರನಟಿಯು ತಾನು ಅದೇ ಬಗೆಯ ಶಸ್ತ್ರಚಿಕಿತ್ಸೆಗೆ ಒಳಗಾದುದನ್ನು ಪತ್ರಿಕೆಯಲ್ಲಿ ಬರೆದಳು. ನಟಿಯರ ಮಾತನ್ನು ವೈದ್ಯನು ಉದಾಹರಿಸುವುದು ಶೋಭಿಸದೆಂದು ಕೆಲವು ಗೆಳೆಯರು ನನ್ನನ್ನು ಆಕ್ಷೇಪಿಸಿದ್ದುಂಟು; ವೈದ್ಯರು ಮಾತನಾಡದ ಕಡೆ ಯಾರಾದರೂ ಮಾತನಾಡಲೇಬೇಕಷ್ಟೆ.

ಈಗ ಆ ಕ್ರಿಯೆಯ ಸ್ವರೂಪವನ್ನು ಹೇಳುತ್ತೇನೆ. ಸ್ತನದ ಕೆಳಗಿನ ಮಡಿಕೆಯಲ್ಲಿ, ಕುಪ್ಪಸ ತೊಟ್ಟಾಗ ಕಾಣದಂತಹ ಸ್ಥಳದಲ್ಲಿ, ಕೊಯ್ದು ಒಳಹೊಕ್ಕು, ಚರ್ಮಕ್ಕೆ ರಕ್ತವನ್ನೊಯ್ಯುವ ತೆಳುವಾದ ಪದರವನ್ನು ಕೆಡಿಸದೆ ಗ್ರಂಥಿಯನ್ನು ಬಿಡಿಸಿಕೊಳ್ಳಬೇಕು. ಇದು ಹಲಸಿನ ತೊಳೆಯನ್ನು ಬಿಡಿಸಿದಂತೆ ಅವಸರವನ್ನು ಸಹಿಸದ ಕೆಲಸ: ಪದರವು ದಪ್ಪವಾದರೆ ರೋಗವು ಉಳಿದೀತು, ತೆಳುವಾದರೆ ಚರ್ಮವು ಸತ್ತೀತು. ತೊಟ್ಟಿನ ಬೆನ್ನಿಗಿರುವ ಅಂಗಾಂಶದ ಸಣ್ಣ ಚೂರೊಂದನ್ನು ಬೇರೆಯಾಗಿ ತೆಗೆದು, ರೋಗಿಯು ಮೇಜಿನ ಮೇಲೆ ಮಲಗಿರುವಾಗಲೇ ಅದನ್ನು ಘನೀಕರಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅದರಲ್ಲಿ ರೋಗಕಣಗಳು ಕಂಡರೆ ತೊಟ್ಟನ್ನು ತೆಗೆಯಲೇಬೇಕು. ಆ ಸೌಕರ್ಯವಿಲ್ಲದ ಕಡೆ ವರದಿಯು ಕೆಲದಿನಗಳ ಮೇಲೆ ಬರುವುದರಿಂದ, ಉಳಿದ ತೊಟ್ಟನ್ನು ಆಮೇಲೆ ತೆಗೆಯಬೇಕಾಗಿ ಬರಬಹುದೆಂಬ ಮಾತನ್ನು ಮೊದಲೇ ಆಡಿರಬೇಕು.

ಯಾರಿಗೆ ಇದು ಸಲ್ಲುವುದಿಲ್ಲ? ತೊಟ್ಟಿನಿಂದ ತಾನಾಗಿಯೇ ರಕ್ತವು ಸೋರುತ್ತಿರುವವರಿಗೆ; 1874ರಲ್ಲಿ ಜೇಮ್ಸ್ ಪ್ಯಾಜೆಟ್ ವರ್ಣಿಸಿದ, ಇಸುಬಿನಂತೆ ಕಾಣುತ್ತ ವಾಸಿಯಾಗದ ತೊಟ್ಟಿನ ವ್ಯಾಧಿಯುಳ್ಳವರಿಗೆ; ಚರ್ಮವು ಕೆಂಪಡರಿ ಕಿತ್ತಳೆಯ ಸಿಪ್ಪೆಯಂತೆ ಕುಳಿಬಿದ್ದವರಿಗೆ; ಗಂಟು ತೊಟ್ಟನ್ನೇ ಒಳಕ್ಕೆ ಸೆಳೆದುಕೊಂಡವರಿಗೆ. ಗಂಟಿಗೂ ತೊಟ್ಟಿಗೂ ಎರಡು ಸೆಂಟಿಮೀಟರುಗಳ ಅಂತರವಿರಬೇಕೆಂದು ಹಿಂದೆ ಹೇಳುತ್ತಿದ್ದರು. ಚಿತ್ರಣದ ಯಂತ್ರಗಳು ಸೂಕ್ಷ್ಮವಾದಂತೆ ಅದಕ್ಕಿಂತ ಕಡಮೆ ಅಂತರವನ್ನೂ ಈಗ ಒಪ್ಪುವವರುಂಟು. ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹ, ಹಿಂದೆ ಕೊಟ್ಟ ವಿಕಿರಣ, ಬಹಳ ದೊಡ್ಡದಾಗಿ ಜೋತುಬಿದ್ದ ಸ್ತನ, ಇವು ನಿಷೇಧಗಳಲ್ಲವಾದರೂ ತೊಟ್ಟು ರಕ್ತಹೀನವಾಗಿ ಕಪ್ಪಾಗುವ ಅಪಾಯವನ್ನು ಹೆಚ್ಚಿಸುತ್ತವೆ. ಕಪ್ಪಾದದ್ದು ಕೆಲವೊಮ್ಮೆ ಸಿಪ್ಪೆ ಕಳಚಿ ತಾನೇ ವಾಸಿಯಾಗುವುದೂ ಉಂಟು, ಕೆಲವೊಮ್ಮೆ ಕತ್ತರಿಸಿ ತೆಗೆಯಬೇಕಾಗುವುದೂ ಉಂಟು.

ಮರೆಮಾಚಬಾರದ ಮತ್ತೊಂದು ಮಾತಿದೆ. ಉಳಿದ ತೊಟ್ಟು ನೋಟಕ್ಕೆ ಉಳಿಯುತ್ತದೆಯೇ ಹೊರತು ಸ್ಪರ್ಶಕ್ಕೆ ಬಹುಮಟ್ಟಿಗೆ ಉಳಿಯುವುದಿಲ್ಲ. ನರಗಳು ಗ್ರಂಥಿಯೊಂದಿಗೆ ಕಡಿದುಹೋಗುವುದರಿಂದ ಅದು ತನ್ನದಾಗಿಯೂ ತನ್ನದಲ್ಲವೆಂಬಂತೆ ಜೋಮುಹಿಡಿದಿರುವುದು. ಹಾಲಂತೂ ಬರಲಾರದು. ಈ ಮಾತನ್ನು ಕೇಳಿದ ಮೇಲೆ, ಹಾಗಿದ್ದರೆ ಏತಕ್ಕೆ ಎಂದು ಕೇಳಿದವರೂ ಇದ್ದಾರೆ. ಇದ್ದರೂ ಸರಿ, ಸ್ನಾನದ ಮನೆಯಲ್ಲಿ ಕೆಳಗೆ ನೋಡಿಕೊಂಡಾಗ ನಾನು ನಾನಾಗಿಯೇ ಕಾಣಬೇಕು ಎಂದವರೂ ಇದ್ದಾರೆ. ಇಬ್ಬರೂ ಸರಿಯಾಗಿಯೇ ಹೇಳಿದರು.

ಬರಿದಾದ ಎಡೆಯನ್ನು ತುಂಬುವ ಬಗೆಗಳನ್ನು ಬೇಗ ಹೇಳಿ ಮುಗಿಸುವೆನು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಜೆರೋ ಎಂಬಿಬ್ಬರು ಮೊದಲು ಅಳವಡಿಸಿದ ಸಿಲಿಕೋನಿನ ಚೀಲವು ಒಂದು. ಒಮ್ಮೊಮ್ಮೆ ಅದಕ್ಕೆ ಮುಂಚೆ ಖಾಲಿಯಾದೊಂದು ಚೀಲವನ್ನಿಟ್ಟು, ವಾರವಾರವೂ ಉಪ್ಪುನೀರನ್ನು ತುಂಬುತ್ತ ಚರ್ಮವನ್ನು ಹಿಗ್ಗಿಸುವರು. ಇದು ಜೀವಾವಧಿಯ ವಸ್ತುವಲ್ಲ. ಸುತ್ತಲೂ ಗಟ್ಟಿಯಾಗಬಹುದು, ಸೋಂಕು ತಗಲಬಹುದು, ಬದಲಾಯಿಸಬೇಕಾಗಬಹುದು, ವಿಕಿರಣಚಿಕಿತ್ಸೆಯು ಬೇಕಾದವರಲ್ಲಿ ಈ ತೊಡಕುಗಳು ಹೆಚ್ಚು. ತನ್ನದೇ ಮೈಯ ಮಾಂಸವನ್ನು ತರುವುದು ಇನ್ನೊಂದು: ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವುದನ್ನು ಇಟಲಿಯ ತಾನ್ಸಿನಿಯು 1906ರಲ್ಲಿಯೇ ವಿವರಿಸಿದ್ದನು, ಹೊಟ್ಟೆಯ ಕೆಳಭಾಗದ ಚರ್ಮವನ್ನೂ ಕೊಬ್ಬನ್ನೂ ತರುವುದು 1980ರ ದಶಕದಿಂದ ರೂಢಿಯಾಯಿತು. ಹೊತ್ತು ಹೆಚ್ಚು ಹಿಡಿಯುತ್ತದೆ, ಗಾಯಗಳು ಎರಡಾಗುತ್ತವೆ. ಆದರೆ ವಯಸ್ಸಿನೊಂದಿಗೆ ತಾನೂ ಮಾಗುವ ಸ್ತನವು ಅದು. ನಾಟಿಯಲ್ಲಿ ದಿನವಿಡೀ ಬಗ್ಗಿ ದುಡಿಯುವವಳ ಬೆನ್ನಿನಿಂದಲೋ ಹೊಟ್ಟೆಯಿಂದಲೋ ಸ್ನಾಯುವನ್ನು ತೆಗೆಯುವ ಮುನ್ನ ಆಕೆಯ ಕೆಲಸವೇನೆಂದು ಕೇಳದ ವೈದ್ಯನು ಅರ್ಧ ವೈದ್ಯನೇ ಸರಿ. ತೊಟ್ಟು ಹೋದವರಿಗೆ ಅಲ್ಲಿಯ ಚರ್ಮವನ್ನೇ ಮಡಿಸಿ ಹೊಸ ತೊಟ್ಟನ್ನು ಕಟ್ಟಿ, ಸುತ್ತಲಿನ ಕಪ್ಪುವರ್ತುಲವನ್ನು ಹಚ್ಚೆಯಿಂದ ಬರೆಯುವುದುಂಟು. ಮುಂಗೈಯ ಮೇಲೆ ಹಚ್ಚೆ ಹೊಯ್ಯಿಸಿಕೊಂಡ ನಮ್ಮ ಅಜ್ಜಿಯರಿಗೆ ಇದು ವಿಚಿತ್ರವೆನಿಸಲಾರದು.

ಇಲ್ಲಿ ಒಂದು ಆಕ್ಷೇಪವನ್ನು ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಜೀವ ಉಳಿದರೆ ಸಾಲದೇ, ಮೂರು ಮಕ್ಕಳ ತಾಯಿಗೆ ಈ ಶೃಂಗಾರವೇಕೆ ಎನ್ನುವರು. ಎನ್ನುವವರಲ್ಲಿ ಗಂಡಂದಿರಿಗಿಂತ ಅತ್ತೆಯರು ಹೆಚ್ಚು, ಅತ್ತೆಯರಿಗಿಂತ ವೈದ್ಯರು ಹೆಚ್ಚು. ಇದಕ್ಕೆ ನಮ್ಮ ಇತಿಹಾಸದಲ್ಲಿಯೇ ಉತ್ತರವಿದೆ. ಟಿಪ್ಪುಸುಲ್ತಾನನೊಂದಿಗೆ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಕಡೆಯ, ವೈದ್ಯಶಾಲೆಯಲ್ಲಿ ಓದದ, ಪರಂಪರೆಯಿಂದ ಈ ವಿದ್ಯೆಯನ್ನು ಬಲ್ಲವನೊಬ್ಬನು ಅವನ ಹಣೆಯ ಚರ್ಮವನ್ನೇ ಇಳಿಸಿ ಮೂಗನ್ನು ಕಟ್ಟಿಕೊಟ್ಟನು. ಅದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು. ಅದನ್ನು ಕಂಡು ಕಲಿತ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ಮಾಡಿದನು. ಜಗತ್ತಿನ ಇಂದಿನ ಪುನಾರಚನೆಯ ಶಸ್ತ್ರವಿದ್ಯೆಗೆ ಮೂಲವಾದದ್ದು ಹೀಗೆ ನಮ್ಮ ಪಕ್ಕದ ಮಣ್ಣಿನ ಒಬ್ಬ ಗಾಡಿಯವನ ಮೂಗು. ಮೂಗಿಲ್ಲದೆಯೂ ಉಸಿರಾಡಬಹುದು, ಉಣ್ಣಬಹುದು, ಬಂಡಿಯನ್ನು ಹೊಡೆಯಬಹುದು. ಆದರೂ ನಿನಗೆ ಈ ವಯಸ್ಸಿನಲ್ಲಿ ಮೂಗಿನ ಶೃಂಗಾರವೇಕೆ ಎಂದು ಕಾವಸ್‌ಜಿಯನ್ನು ಯಾರೂ ಕೇಳಿದಂತೆ ಕಾಣೆನು. ಮೂಗು ಗಂಡಸಿನ ಮಾನವೆಂದು ಒಪ್ಪಿದ ಸಮಾಜವು, ಎದೆಯು ಹೆಂಗಸಿನ ವಿಲಾಸವೆಂದು ಹೇಳುವುದು ನ್ಯಾಯವೇ?

ನಾನು ಬೇರೆಯವರಿಗೆ ಬೆರಳು ತೋರಿಸಲು ಬಂದವನಲ್ಲ. ತಪ್ಪು ನನ್ನ ಕೈಯಿಂದಲೇ ನಡೆದಿದೆ. ಹಲವು ವರ್ಷಗಳ ಹಿಂದೆ, ಎಡದಂಡೆ ಕಾಲುವೆಯ ಮಗ್ಗುಲಿನ ಕ್ಯಾಂಪೊಂದರಿಂದ ಸುಮಾರು ಮೂವತ್ತೆಂಟು ವರ್ಷದ ಹೆಣ್ಣುಮಗಳು ನಾನಿದ್ದ ಆಸ್ಪತ್ರೆಗೆ ಬಂದಿದ್ದಳು. ಗಂಟು ಸಣ್ಣದು, ಕಂಕುಳಿನ ಕಡೆಗೆ, ತೊಟ್ಟಿನಿಂದ ಬಹುದೂರ. ವಿಕಿರಣಕ್ಕಾಗಿ ವಾರಗಟ್ಟಲೆ ಊರು ಬಿಟ್ಟಿರಲು ಆಗದೆಂದು ಮನೆಯವರು ಹೇಳಿದ್ದರಿಂದ, ಇಡೀ ಸ್ತನವನ್ನು ತೆಗೆಯುವುದೆಂದು ನಿಶ್ಚಯವಾಯಿತು. ತೊಟ್ಟನ್ನೂ ಚರ್ಮವನ್ನೂ ಉಳಿಸುವ ದಾರಿಯೊಂದುಂಟೆಂದು ನಾನು ಬಲ್ಲವನಾಗಿದ್ದೆ, ಅದನ್ನು ಮಾಡುವ ಸಹೋದ್ಯೋಗಿಯು ಯಾವ ಊರಿನಲ್ಲಿರುವನೆಂಬುದನ್ನೂ ಬಲ್ಲೆ. ಆದರೆ ಆಕೆಯ ಕಾಲಿನ ಕೆಸರನ್ನೂ ಸೀರೆಯ ತೇಪೆಯನ್ನೂ ನೋಡಿ, ಈಕೆಗೆ ಅದೆಲ್ಲ ಏಕೆ ಎಂದು ನನ್ನ ಮನಸ್ಸಿನೊಳಗೆ ನಾನೇ ತೀರ್ಪಿತ್ತುಬಿಟ್ಟೆನು. ಶಸ್ತ್ರಚಿಕಿತ್ಸೆಯು ಸುಸೂತ್ರವಾಯಿತು. ಆರು ತಿಂಗಳಾದ ಮೇಲೆ ಪರೀಕ್ಷೆಗೆ ಬಂದವಳು, ನರ್ಸಮ್ಮ ಹೊರಗೆ ಹೋಗುವವರೆಗೆ ಕಾದಿದ್ದು, "ಬ್ಯಾರೆ ದಾರಿ ಇತ್ತೇನ್ರಿ ಸಾಹೇಬ್ರ?" ಎಂದಳು. ಎಲ್ಲಿಯೋ ಟಿ.ವಿ.ಯಲ್ಲಿ ನೋಡಿದ್ದಳಂತೆ. ನಾನು ಸುಳ್ಳಾಡಲಾರದೆ, ಇತ್ತು ಎಂದೆನು. ಆಕೆ ಸಿಟ್ಟಾಗಲಿಲ್ಲ, ಅಳಲಿಲ್ಲ, ಕುಪ್ಪಸದ ಗುಂಡಿಯನ್ನು ಹಾಕಿಕೊಳ್ಳುತ್ತ ಹೇಳಿದಳು: "ಕೇಳಿದ್ರ ಬ್ಯಾಡ ಅಂತಿದ್ನೋ ಏನೋ. ಆದ್ರ ಕೇಳಬೇಕಾಗಿತ್ತಲ್ಲರಿ."

ಅಂದಿನಿಂದ ನಾನು ಕೇಳುತ್ತೇನೆ. ಅರವತ್ತೈದು ದಾಟಿದವಳನ್ನೂ ಕೇಳುತ್ತೇನೆ, ವಿಧವೆಯನ್ನೂ ಕೇಳುತ್ತೇನೆ, ಗಂಡನು ಪಕ್ಕದಲ್ಲಿ ನಿಂತು ಅವಳ ಪರವಾಗಿ ಉತ್ತರ ಕೊಡಲು ಬಾಯ್ತೆರೆದರೆ ಅವನನ್ನು ಚಹಾ ತರಲು ಕಳುಹಿಸಿ ಕೇಳುತ್ತೇನೆ. ಈ ಪ್ರಶ್ನೆಗೆ ಒಂದು ಕಾಲಮಿತಿಯುಂಟೆಂಬುದನ್ನು ಮಾತ್ರ ನೀವು ಮರೆಯಬಾರದು. ಸ್ತನವನ್ನು ಮತ್ತೆ ಕಟ್ಟುವುದನ್ನು ವರ್ಷದ ಮೇಲೆಯೂ ಮಾಡಬಹುದು, ಹತ್ತು ವರ್ಷದ ಮೇಲೆಯೂ ಮಾಡಬಹುದು. ಆದರೆ ತೊಟ್ಟನ್ನು ಉಳಿಸುವುದಾದರೆ ಮೊದಲ ಕತ್ತಿಯು ತಾಗುವ ಮುನ್ನವೇ ತೀರ್ಮಾನಿಸಬೇಕು.

ಹಾಗೆ ಕೇಳಿದಾಗ ಏನೂ ಬೇಡವೆಂದು ಹೇಳುವವರು ಬಹಳ ಮಂದಿ. ಅವರ ಎದೆಯು ಸಪಾಟಾಗಿ, ನೀಟಾಗಿ ವಾಸಿಯಾಗುವಂತೆ ಹೊಲಿಯುವುದೂ ಒಂದು ವಿದ್ಯೆಯೇ. ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಹೊಳೆಯ ಆಚೆಗೆ ಹಂಪೆಯಲ್ಲಿ, 1528ರಲ್ಲಿ ಕೃಷ್ಣದೇವರಾಯನು ಪ್ರತಿಷ್ಠೆ ಮಾಡಿಸಿದ ನರಸಿಂಹನನ್ನು ನೀವೆಲ್ಲ ನೋಡಿದ್ದೀರಿ. ತೊಡೆಯ ಮೇಲಿದ್ದ ಲಕ್ಷ್ಮಿಯು ಭಗ್ನವಾಗಿ, ಸ್ವಾಮಿಯ ಬೆನ್ನನ್ನು ಬಳಸಿದ ಆಕೆಯ ಕೈಯೊಂದು ಮಾತ್ರ ಉಳಿದಿದೆ. ಪುರಾತತ್ತ್ವ ಇಲಾಖೆಯು ದುರಸ್ತಿಗೆ ಕೈಯಿಟ್ಟಾಗ ಮೊಣಕಾಲುಗಳ ನಡುವೆ ಕಲ್ಲಿನ ಪಟ್ಟಿಯೊಂದನ್ನು ಕೂರಿಸಿತಲ್ಲದೆ ಲಕ್ಷ್ಮಿಯನ್ನು ಹೊಸದಾಗಿ ಕಡೆದಿಡಲಿಲ್ಲ. ಯಾವುದನ್ನು ಸೇರಿಸಬೇಕು, ಯಾವುದನ್ನು ಇದ್ದಂತೆಯೇ ಬಿಡಬೇಕು ಎಂಬ ವಿವಾದವು ಅಲ್ಲಿಯೂ ಎದ್ದದ್ದುಂಟು. ನನ್ನ ಹೋಲಿಕೆಯು ಇಷ್ಟಕ್ಕೇ ನಿಲ್ಲುತ್ತದೆ. ಏಕೆಂದರೆ ನರಸಿಂಹನನ್ನು ನಿನಗೇನು ಬೇಕೆಂದು ಕೇಳುವಂತಿರಲಿಲ್ಲ.

ಕೇಳಿಸಿಕೊಳ್ಳಲು ಭಾಷೆ ಬೇಕು. ಅದು ಕನ್ನಡದಲ್ಲಿ ಇಲ್ಲವೆನ್ನಲಾಗದು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ಹೆಂಗಸರ ದೇಹದ ವಿಚಾರಗಳನ್ನು ನಾಚಿಕೆಯಿಲ್ಲದ ತಿಳಿಗನ್ನಡದಲ್ಲಿ ಬರೆದು, ಕೊನೆಗೆ ತಾವೇ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡರು. ಈಚೆಗೆ ಬಿ.ವಿ. ಭಾರತಿಯವರು ತಮ್ಮ ಸ್ತನಕ್ಯಾನ್ಸರಿನ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿಸಿದ್ದಾರೆ; ಆಸ್ಪತ್ರೆಗೆ ಹೋಗುವ ಮುನ್ನ ಅದನ್ನು ಓದಿದವರು ನನ್ನೆದುರು ಕುಳಿತಾಗ ಪ್ರಶ್ನೆ ಕೇಳುವ ರೀತಿಯೇ ಬೇರೆಯಾಗಿರುವುದನ್ನು ಕಂಡಿದ್ದೇನೆ.

ಇನ್ನು ಊರಿನ ಮಾತು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಈ ರೋಗವು ಹೊಸದಾಗಿ ಕಂಡಿತು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಪಶ್ಚಿಮದೇಶದವರಿಗಿಂತ ಹತ್ತು ವರ್ಷ ಎಳೆಯ ಪ್ರಾಯದಲ್ಲಿಯೇ ಬರುವುದು. ಹಿಂದೆ ಕಾರಟಗಿಯವಳಿಗೆ ಕ್ಯಾನ್ಸರ್ ಎಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, 1973ರಲ್ಲಿ ಹುಟ್ಟಿದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದೆಂದೇ ಅರ್ಥವಿದ್ದಿತು. ಇಂದು ಕೊಪ್ಪಳದಲ್ಲಿಯೇ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿ ಬಳ್ಳಾರಿಗಳು ಹತ್ತಿರವಾಗಿವೆ, ಗಿಣಿಗೇರಾದಿಂದ ಹೊರಟ ರೈಲುಹಳಿಯು ಗಂಗಾವತಿಯನ್ನು ದಾಟಿ ನಿಮ್ಮ ಊರಿಗೂ ಬಂದಿದೆ. ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯುಂಟು. ಸ್ತನವನ್ನು ಮತ್ತೆ ಕಟ್ಟುವ ಖರ್ಚು ಅದರಲ್ಲಿ ಎಷ್ಟರಮಟ್ಟಿಗೆ ಸೇರುವುದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಲಿಖಿತವಾಗಿ ಪಡೆದುಕೊಂಡೇ ಮುಂದುವರಿಯಿರಿ. ಕೈಯಲ್ಲಿ ಎಷ್ಟೇ ಹಣವಿದ್ದರೂ, ಗಂಟು ಚರ್ಮವನ್ನೊಡೆದು ಹುಣ್ಣಾದ ಮೇಲೆ ಬಂದವಳಿಗೆ ತೊಟ್ಟಿನ ಮಾತನ್ನಾಡುವ ಅವಕಾಶವೇ ನನಗಿರುವುದಿಲ್ಲ. ತಾಯಿಗೋ ಅಕ್ಕತಂಗಿಯರಿಗೋ ಎಳೆಯ ಪ್ರಾಯದಲ್ಲಿ ಈ ರೋಗ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲ ದಿನವೇ ಹೇಳಿ. ವಂಶವಾಹಿಯ ರಕ್ತಪರೀಕ್ಷೆಯು ಬೇಕೇ ಎಂಬುದು ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ.

ಹೊತ್ತಾಯಿತು, ಗಂಡಸರಿಗೆ ಹೊರಗೆ ಚಹಾದ ವ್ಯವಸ್ಥೆಯಾಗಿದೆಯೆಂದು ಅಧ್ಯಕ್ಷರು ತಿಳಿಸುತ್ತಿದ್ದಾರೆ, ಅವರು ದಯಮಾಡಿ ಎದ್ದು ನಡೆಯಬಹುದು. ಹೆಣ್ಣುಮಕ್ಕಳಿಗೆ ಚೀಟಿಗಳನ್ನು ಹಂಚುತ್ತಿದ್ದಾರೆ. ಪ್ರಶ್ನೆಯನ್ನಷ್ಟೇ ಬರೆಯಿರಿ, ಹೆಸರು ಬೇಡ, ಓಣಿಯೂ ಬೇಡ. ಬರೆಯಲು ಬಾರದವರು ಈ ಮೂಲೆಯಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರ ಕಿವಿಯಲ್ಲಿ ಹೇಳಿ. ಕೊನೆಯ ಚೀಟಿಯವರೆಗೆ ನಾನು ಇಲ್ಲಿಯೇ ಇರುತ್ತೇನೆ.